ಪಾಯಿ ದಾರಿಯ ಹಿಂದಿನ ಸೀಟು

ಕಟ್ಟೆಮಳಲವಾಡಿ

ವಿದೇಶಕ್ಕೆ ಹೋಗಿ ಬಂದವರು ವಾರಪತ್ರಿಕೆಯಲ್ಲಿ ಬರೆದದ್ದನ್ನು ನಾನೂ ಓದಿದ್ದೇನೆ. ಅವರು ಮೊದಲು ವಿಮಾನದ ಕಿಟಕಿಯಲ್ಲಿ ಕಂಡ ಮೋಡದಿಂದ ಶುರು ಮಾಡುತ್ತಾರೆ. ನಾನು ಮೋಡ ನೋಡಲಿಲ್ಲ. ನನ್ನ ಎರಡೂ ಮಂಡಿ ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಕೊಂಡು, ಮುಂದೆ ಕೂತ ಮನುಷ್ಯ ಅತ್ತ ಇತ್ತ ಸರಿದಾಗಲೆಲ್ಲ ನೋಯುತ್ತಿದ್ದವು. ಬೆಂಗಳೂರಿನಿಂದ ಬ್ಯಾಂಕಾಕಿನ ತನಕ ನಾನು ನೋಡಿದ್ದು ನನ್ನ ಮಂಡಿಗಳನ್ನೇ.

ಆರಡಿ ದಾಟಿ ಇನ್ನೂ ಒಂದು ಗೇಣು ಬೆಳೆದುಬಿಟ್ಟವನ ಪಾಡು ಇದು. ರೇಷನ್ ಕಾರ್ಡಿನಲ್ಲಿ ನಾನು ಚನ್ನಬಸಪ್ಪ. ಊರಿನಲ್ಲಿ ಉದ್ದಪ್ಪ. ಹುಣಸೂರಿನ ಹೈಸ್ಕೂಲಿನಲ್ಲಿ ಹಿಂದೆ ಕೂತವರಿಗೆ ಬೋರ್ಡು ಕಾಣುವುದಿಲ್ಲವೆಂದು ಮೇಷ್ಟ್ರು ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು. ಕೊನೆಯ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದೆ. ಆಮೇಲೆ ಬದುಕೆಲ್ಲ ಹೊಗೆಸೊಪ್ಪು ಬೆಳೆದದ್ದು, ಬ್ಯಾರನ್ನಿನಲ್ಲಿ ಬೇಯಿಸಿದ್ದು, ಹರಾಜಿಗೆ ಹಾಕಿದ್ದು. ಬ್ಯಾರನ್ ಎಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ ನೇತುಹಾಕಿ, ಕೆಳಗಿನಿಂದ ಬಿಸಿ ಕೊಟ್ಟು ಹಳದಿ ಬಣ್ಣಕ್ಕೆ ತರುವ ಎತ್ತರದ ಮನೆ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ದೂರದ ಓದುಗರಿಗಾಗಿ ಹೇಳಿದೆ.

ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಹರೆಯದಲ್ಲಿ ಒಮ್ಮೆ ಸ್ಕೂಟರ್ ಹತ್ತಿದ್ದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಅದು ಮಂಡಿಗೆ ತಾಗಿ ನಿಂತಿತು. ಹ್ಯಾಂಡಲ್ ತಿರುಗಲಿಲ್ಲ, ರಸ್ತೆ ತಿರುಗಿತು, ನಾನು ನೇರವಾಗಿ ಲಕ್ಷ್ಮಣತೀರ್ಥ ಹೊಳೆಯ ಜೊಂಡಿಗೆ ಹೋದೆ. ಆಮೇಲೆ ಬಸ್ಸು, ಸೈಕಲ್ಲು, ನಡಿಗೆ.

ನನ್ನ ಹೆಂಡತಿ ರಾಜಮ್ಮಣ್ಣಿ ಹಾಗಲ್ಲ. ಡೇರಿಗೆ ಹಾಲು ಒಯ್ಯಲೆಂದು ಸ್ಕೂಟರ್ ಕಲಿತಳು. ಕ್ಯಾನಿನ ಜೊತೆಗೆ ಹುಲ್ಲಿನ ಹೊರೆ ಬಂತು, ಹುಲ್ಲಿನ ಜೊತೆಗೆ ಗೊಬ್ಬರದ ಮೂಟೆ ಬಂತು, ಕೊನೆಗೆ ನಾನು ಬಂದೆ. ಅವಳು ನನ್ನ ಎದೆಯ ಎತ್ತರಕ್ಕೆ ಇದ್ದಾಳೆ. ಹಿಂದೆ ನಾನು ಕೂತರೆ ಮುಂದೆ ಬರುವವರಿಗೆ ಅವಳ ತಲೆಯ ಮೇಲೆ ಇನ್ನೊಂದು ತಲೆ, ಅದರಲ್ಲಿ ಮೀಸೆ, ಎರಡು ಪಕ್ಕದಲ್ಲಿ ಎರಡು ಮಂಡಿ ಕಾಣುತ್ತಿದ್ದವು.

ಇಲ್ಲಿಂದ ನನ್ನ ತಪ್ಪೊಪ್ಪಿಗೆ ಶುರುವಾಗುತ್ತದೆ. ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗೆ ಸ್ವಲ್ಪ ಮುಂಚೆ ದಾರಿಯಲ್ಲಿ ಒಂದು ಹುಣಸೇಮರವಿದೆ. ಅಲ್ಲಿಂದ ಮುಂದೆ ರಸ್ತೆ ತಿರುಗಿದರೆ ಗೇಟು, ಗೇಟಿನ ಎದುರಿಗೆ ಟೀ ಅಂಗಡಿ, ಟೀ ಅಂಗಡಿಯ ಬೆಂಚಿನಲ್ಲಿ ನನ್ನ ವಾರಿಗೆಯವರೆಲ್ಲ. ಮರದ ಹತ್ತಿರ ಬಂದಾಗ ನಾನು ಅವಳ ಭುಜ ಮುಟ್ಟುತ್ತಿದ್ದೆ.

"ಇಲ್ಲೇ ಇಳೀತೀನಿ. ನಾಲ್ಕು ಹೆಜ್ಜೆ ನಡೆದ್ರೆ ಕಾಲಿಗೆ ಒಳ್ಳೇದು."

ಅವಳು ಗಾಡಿ ನಿಲ್ಲಿಸುತ್ತಿದ್ದಳು. ಬರಬರುತ್ತ ಭುಜ ಮುಟ್ಟುವುದೂ ಬೇಕಾಗಲಿಲ್ಲ, ಮರ ಕಂಡರೆ ಗಾಡಿ ತಾನೇ ನಿಧಾನವಾಗುತ್ತಿತ್ತು. ನಾನು ಬೆವರು ಒರೆಸಿಕೊಂಡು, ಎಲ್ಲೋ ದೂರದಿಂದ ನಡೆದು ಬಂದವನ ಹಾಗೆ ಟೀ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಬೆಂಚಿನವರಿಗೆಲ್ಲ ವಿಷಯ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಒಂದು ದಿನ ರಾಜಮ್ಮಣ್ಣಿ ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಥಾಯ್ಲೆಂಡಿನ ಯಾವುದೋ ಬೆಟ್ಟದ ದಾರಿ. ಚಿಯಾಂಗ್ ಮಾಯ್ ಎಂಬ ಊರಿನಿಂದ ಪಾಯಿ ಎಂಬ ಊರಿಗೆ ಹೋಗುವುದಂತೆ. ತಿರುವು ಮುಗಿಯುವುದರೊಳಗೆ ಇನ್ನೊಂದು ತಿರುವು. ನಮ್ಮ ವಯಸ್ಸಿನ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಒಬ್ಬಳೇ ಹೋಗುತ್ತಿದ್ದಳು.

"ರೀ, ಈ ದಾರೀಲಿ ನಾನು ಒಂದ್ಸಲ ಗಾಡಿ ಓಡಿಸ್ಬೇಕು ಕಣ್ರೀ."

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಆ ಸಲ ಸೊಪ್ಪಿಗೆ ಒಳ್ಳೆಯ ಬೆಲೆ ಬಂದಿತ್ತು. ಆಗಲಿ ಎಂದೆ. ಅವಳು ಹೇಳಿದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಆದರೆ ತಲೆಯೊಳಗೆ ಬೇರೆಯೇ ಚಿತ್ರ ಓಡುತ್ತಿತ್ತು. ಯಾರೂ ಗುರುತಿಲ್ಲದ ದೇಶ, ದೊಡ್ಡ ಗಾಡಿ, ಮುಂದೆ ನಾನು, ಹಿಂದೆ ಅವಳು. ಒಂದು ಫೋಟೋ. ಆ ಫೋಟೋ ಟೀ ಅಂಗಡಿಯ ಬೆಂಚಿಗೆ.

ಕಾಕನಕೋಟೆಯ ಹಿನ್ನೀರು

ನನ್ನ ಜೊತೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಜಯಣ್ಣ ಈಗ ಪಿರಿಯಾಪಟ್ಟಣದಲ್ಲಿ ಜೋಳದ ವ್ಯಾಪಾರಿ. ಅವನ ಹತ್ತಿರ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಭಾರೀ ಮೋಟಾರ್ ಸೈಕಲ್ ಇತ್ತು. ಕಲಿಸಿಕೊಡು ಎಂದು ಕೇಳಿದೆ.

"ನೀನಾ? ಲೇ ಉದ್ದಪ್ಪ, ನೀನು ಬಿದ್ರೆ ನಿನ್ನ ತಲೆ ಒಂದು ತಾಲೂಕಲ್ಲಿರ್ತದೆ, ಕಾಲು ಇನ್ನೊಂದ್ರಲ್ಲಿ. ಯಾವ ಆಸ್ಪತ್ರೆಗೆ ಹೊತ್ಕೊಂಡು ಓಗ್ಲಿ?"

ಆದರೂ ಕರೆದುಕೊಂಡು ಹೋದ. ಎಚ್.ಡಿ. ಕೋಟೆ ದಾಟಿ ಅಂತರಸಂತೆಯ ಕಡೆ ಹೋದರೆ, ನೀರು ಇಳಿದಾಗ ಕಬಿನಿ ಹಿನ್ನೀರಿನ ಬಯಲು ಕಣ್ಣು ಹಾಯುವಷ್ಟು ದೂರ ಸಪಾಟಾಗಿ ಬಿದ್ದಿರುತ್ತದೆ. ಆಚೆ ದಡದಲ್ಲಿ ಕಾಕನಕೋಟೆಯ ಕಾಡು. ಅಲ್ಲಿ ಗಿಡವಿಲ್ಲ, ಕಲ್ಲಿಲ್ಲ, ಡಿಕ್ಕಿ ಹೊಡೆಯಲು ಏನೂ ಇಲ್ಲ. ಆದರೂ ಕಾಡಂಚಿನ ಹಾಡಿಯ ಹೆಂಗಸೊಬ್ಬಳು ಅಲ್ಲಿ ಮೇಯಿಸುತ್ತಿದ್ದ ಹಸುವಿನ ಕಡೆಗೇ ನಾನು ಹೋದೆ. ಆಕೆ ಕೋಲು ಎತ್ತಿ ನಿಂತಳು, ಹಸುವಿಗೋ ನನಗೋ ತಿಳಿಯಲಿಲ್ಲ.

"ಆನೆ ಬಂದ್ರೂ ಇಷ್ಟು ಗಲಾಟೆ ಇಲ್ಲ ಬುಡಿ," ಎಂದಳು. "ಅದು ಎತ್ತಾಗೆ ಓಯ್ತದೆ ಅಂತಾನಾರೂ ಗೊತ್ತಾಯ್ತದೆ."

ಕೆಲವು ವಾರದಲ್ಲಿ ಗಾಡಿ ಹಿಡಿತಕ್ಕೆ ಬಂತು. ನನ್ನ ಉದ್ದ ಮೊದಲ ಸಲ ಉಪಯೋಗಕ್ಕೆ ಬಿದ್ದಿತ್ತು. ಬೇರೆಯವರು ತುದಿಗಾಲಲ್ಲಿ ನಿಲ್ಲುವ ಗಾಡಿಯ ಮೇಲೆ ಕೂತು ನಾನು ಎರಡೂ ಪಾದವನ್ನು ಪೂರ್ತಿ ನೆಲಕ್ಕೆ ಊರಬಲ್ಲವನಾಗಿದ್ದೆ. ಅದನ್ನೇ ದೊಡ್ಡ ವಿದ್ಯೆ ಎಂದುಕೊಂಡೆ. ಜಯಣ್ಣ ಒಂದು ಮಾತು ಹೇಳಿದ್ದ.

"ನೀನು ಕಲ್ತಿರೋದು ಅಂಗೈಯಂಥ ಬಯಲಲ್ಲಿ ಕಣ್ಲಾ. ಏರಲ್ಲಿ ನಿಲ್ಸಿ ನೋಡು, ಆಗ ಗೊತ್ತಾಯ್ತದೆ. ಮೊದಮೊದಲು ಹಗುರದ್ದು ತಗೋ."

ನನಗೆ ಲೈಸೆನ್ಸ್ ಬಂತು. ಹುಣಸೂರಿನ ಆರ್‌ಟಿಒ ಕಚೇರಿಯಲ್ಲಿ ಇಬ್ಬರೂ ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟಿಗೆ ಅರ್ಜಿ ಹಾಕಿದೆವು. ರಾಜಮ್ಮಣ್ಣಿ ಆ ಪರ್ಮಿಟ್ಟನ್ನು ಚೀಲದಲ್ಲಿ ಸೀರೆಯ ಮಡಿಕೆಯ ನಡುವೆ ಇಟ್ಟುಕೊಂಡು ಬಂದಳು.

ಚಿಯಾಂಗ್ ಮಾಯ್

ಈ ಊರಿನಲ್ಲಿ ನಾನು ಮೊದಲು ಗಮನಿಸಿದ್ದು ಹಾರನ್ ಇಲ್ಲದಿರುವುದು. ಇಷ್ಟು ಗಾಡಿ ಓಡಾಡುತ್ತವೆ, ಒಂದೂ ಕೂಗುವುದಿಲ್ಲ. ನಮ್ಮ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಕೂಡ ಹಾರನ್ ಹೊಡೆಯುತ್ತದೆ. ಇಲ್ಲಿ ರಸ್ತೆ ದಾಟುವಾಗ ನಮ್ಮನ್ನು ಯಾರೂ ಬೈಯದೆ ಇದ್ದದ್ದಕ್ಕೆ ನಮಗೆ ದಿಗಿಲಾಯಿತು. ಎಲ್ಲಿ ಹೋದರೂ ಚಪ್ಪಲಿ ಬಿಡಬೇಕು, ಅದು ನಮಗೆ ಹೊಸದಲ್ಲ. ನನ್ನ ಚಪ್ಪಲಿ ಮಾತ್ರ ಉಳಿದ ಚಪ್ಪಲಿಗಳ ನಡುವೆ ದೋಣಿಯ ಹಾಗೆ ಕಾಣುತ್ತಿತ್ತು. ಅಂಗಡಿಯವರು ಅದನ್ನು ನೋಡಿ ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಊಟಕ್ಕೆ ತೊಂದರೆ. ಯಾವುದರಲ್ಲಿ ನೋಡಿದರೂ ಮೀನಿನ ರಸ. ನಾವು ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿಯ ಮೇಲೆ ಬದುಕಿದ್ದೆವು.

ಗಾಡಿ ಬಾಡಿಗೆಗೆ ಕೊಡುವ ಅಂಗಡಿಯ ಒಡತಿಯ ಹೆಸರು ನೋಯಿ. ಸಣ್ಣ ಆಳು, ದೊಡ್ಡ ನಗು. ಕನ್ನಡ ಅವಳಿಗೆ ಬಾರದು, ಥಾಯ್ ನಮಗೆ ಬಾರದು, ಇಂಗ್ಲಿಷ್ ಮೂವರಿಗೂ ಅಷ್ಟಕ್ಕಷ್ಟೆ. ಅವಳ ಫೋನಿನಲ್ಲಿ ಮಾತು ತರ್ಜುಮೆ ಮಾಡುವ ವ್ಯವಸ್ಥೆ ಇತ್ತು. ಅವಳು ತನ್ನ ಭಾಷೆಯಲ್ಲಿ ಹೇಳಿದರೆ ಫೋನು ರೇಡಿಯೊ ವಾರ್ತೆ ಓದುವವರ ಹಾಗೆ ಅಚ್ಚ ಕನ್ನಡದಲ್ಲಿ ಹೇಳುತ್ತಿತ್ತು.

ಸಾಲಾಗಿ ಗಾಡಿಗಳು. ಒಂದು ಕಡೆ ಸ್ಕೂಟರುಗಳು, ಇನ್ನೊಂದು ಕಡೆ ದೂರ ಪ್ರಯಾಣದ ದೊಡ್ಡ ಮೋಟಾರ್ ಸೈಕಲ್ಲುಗಳು. ರಾಜಮ್ಮಣ್ಣಿ ನೇರ ಸ್ಕೂಟರಿನ ಕಡೆ ಹೋಗಿ ಒಂದರ ಬ್ರೇಕ್ ಹಿಡಿದು ನೋಡತೊಡಗಿದಳು. ನಾನು ದೊಡ್ಡದರ ಕಡೆ ಹೋದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಆರಿಸಲು ಗೊತ್ತಿದ್ದದ್ದು ಎತ್ತನ್ನು ಮಾತ್ರ. ಕೆ.ಆರ್. ನಗರದ ಕಡೆಯ ದನದ ಸಂತೆಗಳಲ್ಲಿ ನಾನು ಎತ್ತು ಆರಿಸುತ್ತೇನೆಂದರೆ ಬೇರೆಯವರು ಹಿಂದೆ ನಿಂತು ನೋಡುತ್ತಿದ್ದರು. ನನ್ನ ಲೆಕ್ಕ ಒಂದೇ. ಎತ್ತು ಗಿಡ್ಡವಾದರೆ ನೊಗ ಕೆಳಗೆ, ನೊಗ ಕೆಳಗಾದರೆ ಕೈಯಲ್ಲಿ ಹಿಡಿಯುವ ನೇಗಿಲ ಮೇಣಿಯೂ ಕೆಳಗೆ, ದಿನವೆಲ್ಲ ಬಗ್ಗಿ ನನ್ನ ಸೊಂಟ ಹೋಗುತ್ತದೆ. ಆದ್ದರಿಂದ ಸಂತೆಯಲ್ಲಿ ಎಲ್ಲಕ್ಕಿಂತ ಎತ್ತರದ ಜೋಡಿಯೇ ನನಗೆ ಬೇಕು. ಅದೇ ಲೆಕ್ಕದಲ್ಲಿ ನೋಯಿಯ ಅಂಗಡಿಯ ಎಲ್ಲಕ್ಕಿಂತ ಎತ್ತರದ ಗಾಡಿಯ ಮುಂದೆ ನಿಂತೆ. ಎರಡು ಪಕ್ಕ ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು. ಹಿಂಭಾಗವನ್ನು ಅಂಗೈಯಿಂದ ತಟ್ಟಿದೆ. ಬೆನ್ನಿನ ಮೇಲೆ ಒತ್ತಿ ಬಗ್ಗುತ್ತದೆಯೋ ಎಂದು ನೋಡಿದೆ. ಬಗ್ಗಲಿಲ್ಲ, ಗಟ್ಟಿ ತಳಿ. ಸುತ್ತ ಒಂದು ಸುತ್ತು ಬಂದೆ. ಎತ್ತಿನ ಮೈಮೇಲೆ ನೋಡುವ ಹಾಗೆ ಸುಳಿ ಹುಡುಕಲಿಲ್ಲ ಎಂಬುದಷ್ಟೇ ನನ್ನ ಮರ್ಯಾದೆ. ಹತ್ತಿ ಕೂತೆ. ಎರಡೂ ಪಾದ ನೆಲದ ಮೇಲೆ. ಕಾಲಿಗೆ ಜಾಗ, ಮಂಡಿಗೆ ಜಾಗ, ಹ್ಯಾಂಡಲ್ ಎಲ್ಲೂ ತಾಗುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಅಳತೆಗೆ ಮಾಡಿದ ಒಂದು ವಸ್ತುವಿನ ಮೇಲೆ ನಾನು ಹುಟ್ಟಿದಾಗಿನಿಂದ ಕೂತಿರಲಿಲ್ಲ.

ಅದರ ತೂಕ ಎಷ್ಟೆಂದು ಕೇಳಲಿಲ್ಲ. ಎತ್ತಿಗೆ ಯಾರೂ ತೂಕ ಕೇಳುವುದಿಲ್ಲ. ಎತ್ತು ತಾನೇ ನಿಂತಿರುತ್ತದೆ.

ಬಾಡಿಗೆ ಮಾತಾಡುವ ಹೊತ್ತು ಬಂದಾಗ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ನಮ್ಮಲ್ಲಿ ದನದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತೇವೆ, ಸುತ್ತ ನಿಂತವರಿಗೆ ತಿಳಿಯಬಾರದೆಂದು. ನಾನು ಬಲಗೈ ಮೇಲೆ ಟವೆಲ್ ಹಾಕಿ ನೋಯಿಯ ಮುಂದೆ ಚಾಚಿದೆ. ಅವಳು ಎರಡು ಕೈ ಮುಗಿದು, ತಲೆ ಬಗ್ಗಿಸಿ, ಟವೆಲ್ಲನ್ನು ಉಡುಗೊರೆಯೆಂದು ತೆಗೆದುಕೊಂಡಳು. ಚೆನ್ನಾಗಿ ಮಡಿಸಿ ಮೇಜಿನ ಮೇಲಿಟ್ಟಳು. ನನ್ನ ಕೈ ಬರಿದಾಗಿ ಗಾಳಿಯಲ್ಲಿ ನಿಂತಿತ್ತು.

ರಾಜಮ್ಮಣ್ಣಿ ಬಾಯಿಗೆ ಸೆರಗು ಹಿಡಿದು ಹೊರಗೆ ಹೋದಳು. ಅಂಗಡಿಯ ಮುಂದೆ ಕಂಬದ ಮೇಲೆ ಪುಟ್ಟ ಗುಡಿ, ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದರು. ಅದನ್ನು ನೋಡುತ್ತ ನಿಂತಳು.

ಅಷ್ಟರಲ್ಲಿ ಫೋನು ಕೇಳಿತು: "ನೀವು ಎಷ್ಟು ವರ್ಷಗಳಿಂದ ವಾಹನ ಚಲಾಯಿಸುತ್ತಿದ್ದೀರಿ?"

"ಬಹಳ ವರ್ಷದಿಂದ," ಎಂದೆ. ಹಿಂದಿನ ಸೀಟನ್ನೂ ಸೇರಿಸಿದರೆ ಅದು ಪೂರ್ತಿ ಸುಳ್ಳಲ್ಲ.

ನೋಯಿ ಗಾಡಿ ನೋಡಿದಳು, ನನ್ನನ್ನು ನೋಡಿದಳು, ಹೊರಗೆ ನಿಂತ ರಾಜಮ್ಮಣ್ಣಿಯನ್ನು ನೋಡಿದಳು. ಫೋನು ಮತ್ತೆ ಹೇಳಿತು: "ಬೆಟ್ಟದ ದಾರಿಗೆ ಇದು ಭಾರವಾದೀತು. ಇಬ್ಬರೂ ಒಂದೊಂದು ಚಿಕ್ಕ ವಾಹನ ತೆಗೆದುಕೊಳ್ಳುವುದು ಉತ್ತಮ. ನಿಮ್ಮ ಪತ್ನಿಗೆ ಚಲಾಯಿಸಲು ಬರುತ್ತದೆಯೇ?"

ನಾನು ಬಾಗಿಲ ಕಡೆ ನೋಡಿದೆ. ಅವಳು ಕೇಳಿಸಿಕೊಳ್ಳುವಷ್ಟು ಹತ್ತಿರ ಇರಲಿಲ್ಲ. ಚಿಕ್ಕ ಗಾಡಿಯಲ್ಲಿ ಅವಳು ಮುಂದೆ ಹೋಗುವುದು, ನಾನು ಮಂಡಿ ಅಗಲಿಸಿಕೊಂಡು ಹಿಂದೆ ಹಿಂದೆ ಹೋಗುವುದು ಕಣ್ಣಿಗೆ ಬಂತು. ಫೋನಿನ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದೆ:

"ಇಲ್ಲ. ಅವಳಿಗೆ ಬರಲ್ಲ."

ಫೋನು ಅದನ್ನು ಥಾಯ್ ಭಾಷೆಯಲ್ಲಿ, ಅಷ್ಟೇ ಮೆಲ್ಲಗೆ ಅಲ್ಲ, ಹೇಳಿತು.

ರಾಜಮ್ಮಣ್ಣಿ ಒಳಗೆ ಬಂದಾಗ ನಾನು ಹೇಳಿದೆ, "ಸ್ಕೂಟರೆಲ್ಲ ಬುಕ್ ಆಗಿದಾವಂತೆ. ಬುಡು, ನಾನೇ ಕರ್ಕೊಂಡು ಓಗ್ತೀನಿ."

ಅವಳು ಸಾಲಾಗಿ ನಿಂತಿದ್ದ ಸ್ಕೂಟರುಗಳನ್ನು ಒಮ್ಮೆ ನೋಡಿದಳು. ತೋರಿಸಲೆಂದು ಹೊರಗೆ ತೆಗೆದಿದ್ದ ಪರ್ಮಿಟ್ಟನ್ನು ಮತ್ತೆ ಚೀಲದಲ್ಲಿಟ್ಟಳು. ನೋಯಿ ಟವೆಲ್ಲನ್ನು ಎರಡು ಕೈಯಲ್ಲಿ ನನಗೆ ಹಿಂದಕ್ಕೆ ಕೊಟ್ಟಳು.

ಬೆಟ್ಟದ ಬುಡ

ಊರ ಹೊರಗಿನ ಹೆದ್ದಾರಿ ನಮ್ಮ ಹಿನ್ನೀರಿನ ಬಯಲಿಗಿಂತ ಸಪಾಟು. ಗಾಡಿ ಬೆಣ್ಣೆಯ ಹಾಗೆ ಹೋಯಿತು. ನಾನು ಎರಡು ಸಲ ಸುಮ್ಮನೆ ಕೆಮ್ಮಿದೆ, ರಾಜಮ್ಮಣ್ಣಿ ಹೊಗಳಲಿ ಎಂದು. ಅವಳು ಸೆರಗನ್ನು ಗಾಳಿಗೆ ಹಾರದಂತೆ ಸಿಕ್ಕಿಸಿಕೊಂಡಳು. ಮುಂದಿನ ಗಾಜು ಬೇರೆಯವರ ಎತ್ತರಕ್ಕೆ ಮಾಡಿದ್ದು. ಗಾಳಿಯೆಲ್ಲ ಅದರ ಮೇಲಿಂದ ಹಾದು ನೇರ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಯಾರೋ ಒಂದೇ ಸಮನೆ ಕಪಾಳಕ್ಕೆ ಹೊಡೆಯುತ್ತಿದ್ದ ಹಾಗೆ. ಆಗಲೇ ಬುದ್ಧಿ ಬರಬೇಕಿತ್ತು.

ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಪಾಯಿ ದಾರಿ. ಮೊದಲು ಬಯಲು, ಆಮೇಲೆ ಏರು. ಏರು ಶುರುವಾಗುವ ಕಡೆ ರಸ್ತೆಯ ಪಕ್ಕ ಒಂದು ಹಳ್ಳಿ. ಅಲ್ಲಿ ಒಂದು ವಾಸನೆ ಬಂತು.

ಓದುಗರಲ್ಲಿ ಹುಣಸೂರು, ಪಿರಿಯಾಪಟ್ಟಣದವರಿದ್ದರೆ ಅವರಿಗೆ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಬೇಯುವಾಗ ಬರುವ ವಾಸನೆ. ಸಮುದ್ರ ದಾಟಿ, ಭಾಷೆ ದಾಟಿ, ಮೀನಿನ ರಸ ದಾಟಿ ಬಂದು ಇಲ್ಲಿ ನಮ್ಮ ಮನೆಯ ವಾಸನೆ. ನೋಡಿದರೆ ಮರಗಳ ಆಚೆ ಇಟ್ಟಿಗೆಯ ಎತ್ತರದ ಬ್ಯಾರನ್. ನನ್ನ ಕಣ್ಣಲ್ಲಿ ನೀರು ಬಂತು. ಆ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಸೇರಿತ್ತು, ಸೀದದ್ದು.

"ಸೊಪ್ಪು ಸೀದೋಯ್ತಾ ಅದೆ," ಎಂದೆ. "ಯಾರೋ ಉರಿ ಜಾಸ್ತಿ ಕೊಟ್ಟವ್ರೆ."

"ಅವರ ಸೊಪ್ಪು ಅವರು ನೋಡ್ಕೋತಾರೆ. ನೀವು ದಾರಿ ನೋಡಿ," ಎಂದಳು ರಾಜಮ್ಮಣ್ಣಿ.

ಆದರೆ ಬದುಕೆಲ್ಲ ಬ್ಯಾರನ್ ಕಾದವನಿಗೆ ಸೀದ ವಾಸನೆ ಬಂದರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಏರಿನ ನಟ್ಟನಡುವೆ ಬ್ರೇಕ್ ಹಿಡಿದು ನಿಲ್ಲಿಸಿ, ತಲೆ ಹೊರಳಿಸಿ, ಮೂಗು ಅರಳಿಸಿದೆ. ಎಡಗಾಲು ಊರಿದೆ. ಅಲ್ಲಿ ಜಲ್ಲಿ ಇತ್ತು. ಕಾಲು ಅರ್ಧ ಗೇಣು ಜಾರಿತು, ಅಷ್ಟೇ. ಗಾಡಿ ನನ್ನ ಕಡೆ ವಾಲಿತು. ನಾನು ಹಿಡಿದೆ. ಅದು ಇನ್ನೂ ವಾಲಿತು. ನಾನು ಇನ್ನೂ ಹಿಡಿದೆ. ಯಾವ ಅವಸರವೂ ಇಲ್ಲದೆ, ಮೆಲುಕು ಹಾಕಲು ಮಲಗುವ ಎಮ್ಮೆಯ ಹಾಗೆ, ಅದು ನನ್ನನ್ನೂ ಕರೆದುಕೊಂಡು ಮಲಗಿತು.

ರಾಜಮ್ಮಣ್ಣಿ ಆಗಲೇ ಇಳಿದು ಪಕ್ಕದಲ್ಲಿ ನಿಂತಿದ್ದಳು. ಅವಳು ಯಾವಾಗ ಇಳಿದಳೋ ನನಗೆ ಗೊತ್ತಿಲ್ಲ. ಆಮೇಲೆ ಕೇಳಿದ್ದಕ್ಕೆ, ನೀವು ಮೂಗು ಎತ್ತಿದಾಗಲೇ ಇಳಿದೆ ಎಂದಳು.

ಬ್ಯಾರನ್ ಮನೆ

ಪಕ್ಕದ ಪೆಟ್ಟಿಗೆ ಅಡ್ಡ ಬಂದದ್ದರಿಂದ ಕಾಲು ಉಳಿಯಿತು. ಮಂಡಿ ಮಾತ್ರ ಊದಿಕೊಂಡು ಬದನೆಕಾಯಿ ಆಯಿತು. ಕ್ಲಚ್ಚಿನ ಹಿಡಿ ಮುರಿದಿತ್ತು. ಬ್ಯಾರನ್ನಿನ ಕಡೆಯಿಂದ ಒಬ್ಬ ಮುದುಕ, ಅವನ ಹೆಂಡತಿ ಓಡಿ ಬಂದರು. ನನ್ನನ್ನು ಎಬ್ಬಿಸುತ್ತ ಇಬ್ಬರೂ ನಕ್ಕರು. ಬಿದ್ದವನ ಮುಂದೆ ನಗುವುದು ಇಲ್ಲಿ ಸಮಾಧಾನ ಹೇಳುವ ರೀತಿ ಎಂದು ಆಮೇಲೆ ತಿಳಿಯಿತು. ಆಗ ನನಗೆ ನಮ್ಮ ಟೀ ಅಂಗಡಿಯ ಬೆಂಚೇ ಇಲ್ಲಿಗೆ ಬಂದ ಹಾಗಾಯಿತು.

ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಇಲ್ಲಿ ಯಾರ ಕಡೆಗೂ ಪಾದ ತೋರಿಸಬಾರದು. ನನ್ನ ಊದಿದ ಕಾಲನ್ನು ಬಗ್ಗಿಸಲಾಗದು. ಬಲಕ್ಕೆ ಚಾಚಿದರೆ ಮುದುಕ, ಎಡಕ್ಕೆ ಚಾಚಿದರೆ ಬುದ್ಧ, ಎದುರಿಗೆ ಚಾಚಿದರೆ ಅವರ ಗತಿಸಿದ ಹಿರಿಯರ ಫೋಟೋ. ಕೊನೆಗೆ ಬಾಗಿಲಿನಿಂದ ಆಚೆಗೆ ಚಾಚಿ, ಅರ್ಧ ಮನುಷ್ಯ ಒಳಗೆ ಅರ್ಧ ಹೊರಗೆ ಕೂತೆ. ಕೋಳಿಗಳು ಬಂದು ನನ್ನ ಹೆಬ್ಬೆರಳನ್ನು ನೋಡಿ ಹೋದವು.

ಸೀದ ಸೊಪ್ಪಿನ ವಿಷಯ ಹೇಳದಿದ್ದರೆ ಆಗದೆಂದು ಸನ್ನೆ ಮಾಡಿ ತೋರಿಸಿದೆ. ಮುದುಕ ಎದ್ದು ಹೋಗಿ ಬ್ಯಾರನ್ನಿನಿಂದ ಎರಡು ಎಲೆ ತಂದು ಕೈಗಿಟ್ಟ. ನಿಂಬೆಹಣ್ಣಿನ ಬಣ್ಣ, ಎಲ್ಲೂ ಒಂದು ಚುಕ್ಕೆ ಇಲ್ಲ. ನಮ್ಮ ಹರಾಜಿನಲ್ಲಿ ಇಟ್ಟಿದ್ದರೆ ಎಲ್ಲರೂ ಅದರ ಮುಂದೆ ನಿಲ್ಲುತ್ತಿದ್ದರು. ಮುದುಕಿ ಅಷ್ಟರಲ್ಲಿ ಒಲೆಯಿಂದ ಸುಟ್ಟು ಕರಿಯಾದ ಬಿದಿರಿನ ಅಂಡೆ ತಂದು ಸೀಳಿದಳು. ಒಳಗೆ ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿಯ ಅನ್ನ. ಸೀದದ್ದು ಆ ಬಿದಿರು.

"ನಿಮ್ಮ ಮೂಗೂ ಓಯ್ತು," ಎಂದಳು ರಾಜಮ್ಮಣ್ಣಿ. ಅನ್ನ ಬಹಳ ರುಚಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮುದುಕನ ಕೈಯಲ್ಲಿ ನೋಯಿಗೆ ಫೋನು ಮಾಡಿಸಿದ್ದೆವು. ಅವಳು ಪಿಕಪ್ ಗಾಡಿ ತಂದಳು. ಮಲಗಿದ್ದ ಗಾಡಿಯನ್ನು ನೋಡಿ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಮಂಡಿ ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದಳು. ಆಮೇಲೆ ನಮ್ಮಿಬ್ಬರ ನಡುವೆ ಫೋನು ಹಿಡಿದು ಮಾತಾಡಿದಳು. ಫೋನು ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿತು:

"ಕ್ಷಮಿಸಿ. ನಿಮ್ಮ ಪತ್ನಿಗೆ ವಾಹನ ಚಲಾಯಿಸಲು ಬರುವುದಿಲ್ಲ ಎಂದು ನೀವು ಹೇಳಿದ್ದರಿಂದ ನಾನು ಸ್ಕೂಟರ್ ತಂದಿಲ್ಲ. ಅಂಗಡಿಯಲ್ಲಿ ಬಹಳ ಇದ್ದವು. ಈಗ ಪಾಯಿಗೆ ಹೋಗಲು ಆಗುವುದಿಲ್ಲ. ನನ್ನೊಡನೆ ಹಿಂದಕ್ಕೆ ಬನ್ನಿ."

ನಾನೇ ಬಾಯಿಬಿಟ್ಟು ಒಪ್ಪಿಕೊಂಡೆ ಎಂದು ಬರೆಯಲು ಆಸೆಯಿದೆ. ಒಪ್ಪಿಕೊಂಡದ್ದು ಫೋನು. ನಾನು ಹೊಸಿಲಿನ ಮೇಲೆ ಕೂತು ಕೋಳಿಗಳನ್ನು ನೋಡುತ್ತಿದ್ದೆ.

ರಾಜಮ್ಮಣ್ಣಿ ಫೋನನ್ನು ನೋಡಿದಳು. ಆಮೇಲೆ, "ನಂಗೆ ಬರಕಿಲ್ವಾ?" ಎಂದಳು. ಕೇಳಿದ್ದು ನನ್ನನ್ನಲ್ಲ, ಅಂಗಳವನ್ನು. ಅಂಗಳದಲ್ಲಿ ಮುದುಕಿಯ ಹಳೆಯ ಸ್ಕೂಟರ್ ನಿಂತಿತ್ತು, ಮುಂದೆ ತರಕಾರಿಯ ಬುಟ್ಟಿ ಕಟ್ಟಿದ್ದು.

ಚೀಲದಿಂದ ಪರ್ಮಿಟ್ ತೆಗೆದು ನೋಯಿಯ ಕೈಗೆ ಕೊಟ್ಟಳು. ನೋಯಿ ಅದರಲ್ಲಿದ್ದ ಫೋಟೋ ನೋಡಿ, ಇವಳನ್ನು ನೋಡಿ, ಮುದುಕಿಯ ಜೊತೆ ಏನೋ ಮಾತಾಡಿದಳು. ಮುದುಕಿ ಬುಟ್ಟಿಯಲ್ಲಿದ್ದ ಸೊಪ್ಪುಸದೆ ತೆಗೆದು ಕೀಲಿಕೈ ಕೊಟ್ಟಳು. ರಾಜಮ್ಮಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿ, ಅಂಗಳದಲ್ಲಿ ಕೋಳಿಗಳ ನಡುವೆ ಎರಡು ಸುತ್ತು ಹೊಡೆದಳು. ಒಂದು ಕೋಳಿಯೂ ಹಾರಲಿಲ್ಲ. ನೋಯಿ ಹೆಬ್ಬೆರಳು ಎತ್ತಿದಳು.

"ಒಂಚೂರು ಮೇಲಕ್ಕೆ ಓಗಿ ಬತ್ತೀನಿ," ಎಂದು ರಾಜಮ್ಮಣ್ಣಿ ರಸ್ತೆಗಿಳಿದು ಹೋದಳು. ನನ್ನ ಕಡೆ ನೋಡಲಿಲ್ಲ.

ಮೊದಲ ತಿರುವಿನ ತನಕ ಕಂಡಳು. ಆಮೇಲೆ ಸದ್ದು ಮಾತ್ರ, ಆಮೇಲೆ ಅದೂ ಇಲ್ಲ. ನೋಯಿ ಮತ್ತು ಮುದುಕ ಹಲಗೆ ಇಟ್ಟು ದೊಡ್ಡ ಗಾಡಿಯನ್ನು ಪಿಕಪ್ಪಿಗೆ ಹತ್ತಿಸಿದರು. ಅದು ಮುಗಿಯಿತು, ಇವಳು ಬರಲಿಲ್ಲ. ಮುದುಕ ಬ್ಯಾರನ್ನಿಗೆ ಸೌದೆ ಹಾಕಿದ, ನಾನು ನೋಡಿದೆ. ಇವಳು ಬರಲಿಲ್ಲ. ಬೇರೆಯವರ ಗಾಡಿ, ಬೇರೆ ದೇಶ, ರಸ್ತೆಯಲ್ಲಿ ಜಲ್ಲಿ ಇರುವುದು ನನ್ನ ಮಂಡಿಗೆ ಗೊತ್ತು. ಎದ್ದು ಹೋಗೋಣವೆಂದರೆ ಕಾಲು ಇಲ್ಲ. ಹುಣಸೇಮರದ ಹತ್ತಿರ ನನ್ನನ್ನು ಇಳಿಸಿ ಅವಳು ಏನು ಮಾಡುತ್ತಿದ್ದಳು ಎಂದು ನಾನು ಅವತ್ತಿನ ತನಕ ಯೋಚಿಸಿರಲಿಲ್ಲ. ಮನೆಗೆ ಹೋಗುತ್ತಿದ್ದಳು ಎಂದುಕೊಂಡಿದ್ದೆ. ಆದರೆ ನಾನು ಮಾರುಕಟ್ಟೆಯ ಕೆಲಸ ಮುಗಿಸಿ ಮರದ ಹತ್ತಿರ ಬಂದಾಗೆಲ್ಲ ಅವಳು ಅಲ್ಲೇ ಇರುತ್ತಿದ್ದಳು. ಮರದ ಬೇರಿನ ಮೇಲೆ ಕೂತು, ಕಾಯುತ್ತ.

ಬಿಸಿಲು ಬ್ಯಾರನ್ನಿನ ಗೋಡೆಯಿಂದ ಇಳಿಯುವ ಹೊತ್ತಿಗೆ ಸದ್ದು ಕೇಳಿತು. ತಿರುವಿನಲ್ಲಿ ಬುಟ್ಟಿ ಕಾಣಿಸಿತು, ಆಮೇಲೆ ಅವಳು. ಮುಖವೆಲ್ಲ ಧೂಳು, ಹಲ್ಲು ಮಾತ್ರ ಬೆಳ್ಳಗೆ. ಗಾಡಿ ನಿಲ್ಲಿಸಿ ನನ್ನ ಎದುರಿಗೆ ಬಂದು ಕೂತಳು.

"ತಪ್ಪಾಯ್ತು," ಎಂದೆ.

"ಯಾವ್ದು? ನಂಗೆ ಬರಕಿಲ್ಲ ಅಂದದ್ದಾ, ನಿಮಗೆ ಬತ್ತದೆ ಅಂದದ್ದಾ?"

"ಎರಡೂ."

"ಸ್ಕೂಟರೆಲ್ಲ ಬುಕ್ ಆಗವೆ ಅಂದ್ರಲ್ಲ, ಅದು?"

"ಅದೂ."

ಅವಳು ನನ್ನ ಹೆಗಲ ಮೇಲಿನ ಟವೆಲ್ ಎಳೆದುಕೊಂಡಳು. ಧೂಳು ಒರೆಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಅದನ್ನು ಕೊಡವಿ, ತನ್ನ ಬಲಗೈ ಮೇಲೆ ಹಾಕಿಕೊಂಡು ನನ್ನ ಮುಂದೆ ಚಾಚಿದಳು.

ನಮ್ಮ ಕಡೆ ಹೆಂಗಸರು ಟವೆಲ್ಲಿನ ಕೆಳಗೆ ಕೈ ಇಡುವುದಿಲ್ಲ. ಸಂತೆಗೆ ಬಂದರೂ ಎತ್ತಿನ ಗಾಡಿಯ ಮೇಲೆ ಕೂತು ದೂರದಿಂದ ನೋಡುತ್ತಾರೆ. ನೋಡಿಯೇ ಇಷ್ಟು ಕಲಿತಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಕೈ ಕೊಡಿ."

ಕೊಟ್ಟೆ. ಟವೆಲ್ಲಿನ ಕೆಳಗೆ ಅವಳ ಕೈ ಒರಟಾಗಿ, ಬಿಸಿಯಾಗಿ ಇತ್ತು. ನನ್ನ ನಾಲ್ಕು ಬೆರಳನ್ನು ಒಟ್ಟಿಗೆ ಹಿಡಿದಳು. ನಾವು ಊರಿಗೆ ಹೊರಡಲು ಉಳಿದಿದ್ದದ್ದು ನಾಲ್ಕು ದಿನ. ಅಷ್ಟೂ ದಿನ ಓಡಿಸುವವಳು ತಾನು ಎಂದರ್ಥ. ನನ್ನೊಳಗಿನ ವ್ಯಾಪಾರಿ ಇನ್ನೂ ಸತ್ತಿರಲಿಲ್ಲ. ಬೆರಳು ಬಿಡಿಸಿಕೊಂಡು ಎರಡು ಬೆರಳು ಹಿಡಿಸಿದೆ. ಅವಳು ಎರಡನ್ನು ತಳ್ಳಿ ಮತ್ತೆ ನಾಲ್ಕನ್ನು ಹಿಡಿದಳು. ನೋಯಿ, ಮುದುಕ, ಮುದುಕಿ ಮೂವರೂ ಸುತ್ತ ನಿಂತು ಇದು ಯಾವ ಪೂಜೆಯೋ ಎಂಬಂತೆ ನೋಡುತ್ತಿದ್ದರು.

"ಆಯ್ತು ಬುಡು," ಎಂದೆ.

ಅವಳು ಕೈ ಬಿಡಲಿಲ್ಲ. ನಾಲ್ಕು ಬೆರಳಿನ ಜೊತೆಗೆ ನನ್ನ ಹೆಬ್ಬೆರಳನ್ನೂ ಸೇರಿಸಿ ಹಿಡಿದಳು.

"ಇದೇನು ಐದನೇದು? ಉಳಿದಿರಾದೇ ನಾಲ್ಕು ದಿನ."

"ಅದು ಊರಿಂದು," ಎಂದಳು. "ಮರದತ್ರ ಇಳಿಯಂಗಿಲ್ಲ. ಗೇಟಿನ ತನಕ ಕೂತ್ಕೊಂಡು ಬರ್ಬೇಕು."

ನನಗೆ ಬೆಂಚು ಕಂಡಿತು, ಬೆಂಚಿನವರೆಲ್ಲ ಕಂಡರು. ಕೈ ಎಳೆದುಕೊಂಡರೆ ವ್ಯಾಪಾರ ಮುರಿಯಿತೆಂದು ಲೆಕ್ಕ. ಅವಳು ನನ್ನ ಮುಖ ನೋಡುತ್ತಿದ್ದಳು, ಎತ್ತಿನ ಯಜಮಾನ ಯಾವ ಕ್ಷಣದಲ್ಲಾದರೂ ಎದ್ದು ಹೋದಾನು ಎಂದು ಸಂತೆಯಲ್ಲಿ ಕೊಳ್ಳುವವನು ನೋಡುವ ಹಾಗೆ. ನಾನು ಅವಳ ಹಿಡಿತದೊಳಗೆ ಹೆಬ್ಬೆರಳನ್ನು ಒತ್ತಿದೆ. ಒಪ್ಪಿದೆ ಎಂದು.

ಪಾಯಿ

ಮುದುಕಿ ತನ್ನ ಸ್ಕೂಟರನ್ನೇ ನಮಗೆ ಬಾಡಿಗೆಗೆ ಬಿಟ್ಟಳು. ನಾವು ಮರಳುವ ತನಕ ಓಡಾಡಲು ಅವಳಿಗೆ ಬೇರೆಯದನ್ನು ನೋಯಿ ಆಮೇಲೆ ಕಳಿಸುವುದೆಂದಾಯಿತು. ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಮಂಡಿಗೆ ಏನೋ ಹಸಿರು ಸೊಪ್ಪಿನ ಪಟ್ಟು ಕಟ್ಟಿಸಿಕೊಂಡು ಹೊರಟೆವು.

ಪಾಯಿಯಲ್ಲಿ ಏನೇನು ನೋಡಿದೆವು ಎಂದು ಬರೆಯುವುದಿಲ್ಲ. ನಾನು ನೋಡಿದ್ದು ದಾರಿ. ಹಿಂದಿನ ಸೀಟಿನಲ್ಲಿ ಕೂತವನಿಗೆ ಜಲ್ಲಿಯ ಚಿಂತೆ ಇಲ್ಲ, ಹ್ಯಾಂಡಲ್ಲಿನ ಚಿಂತೆ ಇಲ್ಲ. ನನ್ನ ತಲೆ ಅವಳ ತಲೆಗಿಂತ ಅಷ್ಟು ಮೇಲಿದ್ದದ್ದರಿಂದ ಬೆಟ್ಟಗಳೆಲ್ಲ ಚೆನ್ನಾಗಿ ಕಂಡವು. ಎದುರಿಗೆ ದೊಡ್ಡ ಮೋಟಾರ್ ಸೈಕಲ್ಲಿನಲ್ಲಿ ಬಂದ ಬಿಳಿಯರು ನಮ್ಮನ್ನು ನೋಡಿ ಕೈ ಬೀಸಿದರು. ಒಂದು ಸ್ಕೂಟರ್, ಅದರ ಮೇಲೆ ಒಂದು ಬುಟ್ಟಿ, ಸೀರೆಯುಟ್ಟ ಒಬ್ಬ ಹೆಂಗಸು, ಅವಳ ಮೇಲೆ ಇನ್ನೊಂದು ತಲೆ, ಎರಡು ಪಕ್ಕ ಎರಡು ಮಂಡಿ, ಒಂದಕ್ಕೆ ಹಸಿರು ಪಟ್ಟು. ಒಬ್ಬ ಗಾಡಿ ನಿಲ್ಲಿಸಿ ಫೋಟೋ ಕೇಳಿದ. ನನಗೆ ಬೇಕಾಗಿದ್ದ ಫೋಟೋ ಹೀಗೆ ಯಾರದೋ ಫೋನಿನಲ್ಲಿ ಯಾವುದೋ ದೇಶಕ್ಕೆ ಹೋಯಿತು.

ತಿರುವು ಬಂದಾಗೆಲ್ಲ ರಾಜಮ್ಮಣ್ಣಿ ಏನೋ ಗುನುಗುತ್ತಿದ್ದಳು. ಅವಳು ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹಾಡುವುದಿಲ್ಲ.

ಹುಣಸೇಮರ

ಬಂದ ಮೇಲೆ ಮಂಡಿ ವಾಸಿಯಾಗಿಲ್ಲವೆಂದು ಕೆಲವು ದಿನ ತಳ್ಳಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒಂದು ಬೆಳಿಗ್ಗೆ, ಉಳಿದ ಸೊಪ್ಪಿನ ಹರಾಜಿದ್ದ ದಿನ, ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು.

ಮರ ಕಂಡಿತು. ರಾಜಮ್ಮಣ್ಣಿ ಮರೆತಿರಲಿಲ್ಲ, ಆದರೂ ಕೈಯ ರೂಢಿ, ಗಾಡಿ ನಿಧಾನವಾಯಿತು. ನನ್ನ ಕಾಲಿಗೂ ರೂಢಿ. ಈ ಉದ್ದ ಕಾಲುಗಳು ನನ್ನನ್ನು ಕೇಳದೆ ನೆಲಕ್ಕೆ ಇಳಿಯುತ್ತವೆ. ಎಡಪಾದ ಮಣ್ಣಿಗೆ ಇನ್ನೇನು ತಾಗಬೇಕು.

ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು.

ಕಾಲನ್ನು ಎತ್ತಿಕೊಂಡೆ. ಗಾಡಿ ತಿರುವು ದಾಟಿ ಗೇಟಿನ ಮುಂದೆ, ಬೆಂಚಿನ ಎದುರಿಗೆ ನಿಂತಿತು. ಜೋಳದ ಕೆಲಸಕ್ಕೆ ಬಂದಿದ್ದ ಜಯಣ್ಣ ಟೀ ಲೋಟ ಹಿಡಿದು ಅಲ್ಲೇ ಕೂತಿದ್ದ. ನನ್ನನ್ನು, ಅವಳನ್ನು, ಎರಡು ಪಕ್ಕದ ಮಂಡಿಗಳನ್ನು ನಿಧಾನವಾಗಿ ನೋಡಿದ.

"ಏನ್ಲಾ ಉದ್ದಪ್ಪ, ಇವತ್ತು ಮರ ಕಾಣಿಸ್ಲಿಲ್ವಾ?"

ಬೆಂಚು ನಕ್ಕಿತು. ನಾನು ಇಳಿದು, ಬೆಂಚಿನವರನ್ನು ಸರಿಸಿ ಎರಡು ಆಳಿಗಾಗುವಷ್ಟು ಜಾಗ ಮಾಡಿ, ಎರಡು ಟೀ ಹೇಳಿದೆ.